ಓದುಗರ ಪ್ರಶ್ನೆ: ಶೆಟ್ಟಿಹಳ್ಳಿ, ಅತ್ತೂರಿಗೆ ಹೊರಡುವ ಮುನ್ನ

ಹಾಸನದ ಶೆಟ್ಟಿಹಳ್ಳಿ ಚರ್ಚನ್ನು ನೀರಿನಲ್ಲಿ ಅರ್ಧ ಮುಳುಗಿದ ಹಾಗೆ ನೋಡಬೇಕು. ಆಗಸ್ಟ್‌ನಲ್ಲಿ ಹೋದರೆ ಖಂಡಿತ ಕಾಣುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಖಂಡಿತ ಎನ್ನಲಾಗದು. ಇಲ್ಲಿ ತಿಂಗಳಿಗಿಂತ ಅಣೆಕಟ್ಟಿನ ನೀರಿನ ಮಟ್ಟ ಮುಖ್ಯ. ಚರ್ಚು ನಿಂತಿರುವುದು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಅಂದಂದಿನ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ಗರಿಷ್ಠಕ್ಕೆ ಹತ್ತಿರವಾದಷ್ಟೂ ಗೋಡೆಗಳು ನೀರಿನೊಳಗೆ. ಮಲೆನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಆಗಸ್ಟ್‌ನಲ್ಲೂ ಒಣ ನೆಲವೇ ಸಿಗಬಹುದು. ಆದ್ದರಿಂದ ಹೊರಡುವ ಹಿಂದಿನ ದಿನ ಮಟ್ಟ ನೋಡಿಕೊಳ್ಳಿ. ಒಳಗೆಲ್ಲ ನಡೆದಾಡಿ ನೋಡುವ ಆಸೆಯಿದ್ದರೆ ಬೇಸಿಗೆಯೇ ಸರಿ. ಹಾಸನದಿಂದ ದೂರ ಸುಮಾರು 20 ಕಿ.ಮೀ.

ಕಾರನ್ನು ಡಾಂಬರು ರಸ್ತೆಯಲ್ಲೇ ಬಿಡಿ. ನೀರು ಇಳಿದ ಮೇಲೆ ಉಳಿಯುವ ಹೂಳು ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ. ಆದರೆ ಮೇಲಿನ ಪದರ ಗಟ್ಟಿಯಾದಷ್ಟೂ ಕೆಳಗಿನ ತೇವ ಆರುವುದು ತಡ, ಚಕ್ರ ಅಲ್ಲಿಯೇ ಹೂತುಹೋಗುತ್ತದೆ. ಹಿಮ್ಮಡಿಯಿಂದ ಬಲವಾಗಿ ಒತ್ತಿದಾಗ ನೆಲ ಕುಸಿದರೆ ನಡೆದು ಹೋಗುವವರೂ ಬೇರೆ ದಾರಿ ಹಿಡಿಯಬೇಕು. ತೆಪ್ಪ ಸಿಕ್ಕಿದರೂ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.

ಗೋಡೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವರ್ಷ ವರ್ಷವೂ ನೆನೆದು ಒಣಗಿ ಗಾರೆಯ ಹಿಡಿತ ಸಡಿಲವಾಗಿದೆ, ಮೇಲೆ ಛಾವಣಿಯೂ ಇಲ್ಲ. ನೀರು ಇಳಿದ ಮೊದಲ ವಾರಗಳಲ್ಲಿ ಗೋಡೆ ನೀರು ಕುಡಿದು ಭಾರವಾಗಿರುತ್ತದೆ, ಗಾರೆ ಮೆತ್ತಗಿರುತ್ತದೆ. ಆಗ ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದು ಬೇಡ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದಾರೆ, ಅದು ಬೀಳುವುದೇ ಇಲ್ಲ ಎನ್ನುವವರ ಮಾತು ನಂಬಿ ಮೇಲೆ ಹತ್ತುವುದಂತೂ ಬೇಡವೇ ಬೇಡ.

ಶೆಟ್ಟಿಹಳ್ಳಿ ಚರ್ಚನ್ನು ಅಬ್ಬೆ ದ್ಯುಬುವಾ ಕಟ್ಟಿಸಿದರು ಎಂದು ಕೇಳಿದ್ದೇನೆ. ನಿಜವೇ?
– ಓದುಗರೊಬ್ಬರು, ತುಮಕೂರು

ಇಸವಿಗಳೇ ಹೊಂದುವುದಿಲ್ಲ. ಫ್ರೆಂಚ್ ಪಾದ್ರಿ ದ್ಯುಬುವಾ 1823ರಲ್ಲಿ ಭಾರತ ಬಿಟ್ಟು ಫ್ರಾನ್ಸಿಗೆ ಮರಳಿದರು. ಈ ಕಟ್ಟಡ 1860ರ ದಶಕದ್ದು, ಕಟ್ಟಿಸಿದವರು ಆಮೇಲಿನ ಫ್ರೆಂಚ್ ಮಿಷನರಿಗಳು.

ಕಾರ್ಕಳದ ಅತ್ತೂರು ಚರ್ಚಿಗೆ ನಾವು ಕ್ರೈಸ್ತರಲ್ಲದವರು ಹೋಗಬಹುದೇ? ಪದ್ಧತಿ ಗೊತ್ತಿಲ್ಲ.
– ಓದುಗರೊಬ್ಬರು, ಶಿವಮೊಗ್ಗ

ಧಾರಾಳವಾಗಿ ಹೋಗಿ. ಸಂತ ಲಾರೆನ್ಸರಿಗೆ ಹರಕೆ ಹೊತ್ತು ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. 2016ರಲ್ಲಿ ಬೆಸಿಲಿಕಾ (ಪೋಪ್ ಕೊಡುವ ವಿಶೇಷ ಗೌರವ ಪಡೆದ ಚರ್ಚು) ಆದ ಮೇಲೆ ಜನ ಇನ್ನೂ ಹೆಚ್ಚು. ಜನವರಿಯ ಜಾತ್ರೆಯಲ್ಲಿ ನೂಕುನುಗ್ಗಲು, ಕಟ್ಟಡವನ್ನು ನಿಧಾನವಾಗಿ ನೋಡಬೇಕೆಂದರೆ ಆ ದಿನಗಳನ್ನೂ ಭಾನುವಾರವನ್ನೂ ಬಿಟ್ಟು ಹೋಗಿ.

ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ, ಮಾಸ್) ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಎಲ್ಲರೂ ಎದ್ದಾಗ ಎದ್ದರೆ ಸಾಕು, ಮೊಣಕಾಲೂರಬೇಕೆಂದೇನಿಲ್ಲ. ಹೆಚ್ಚಿನವರು ತಪ್ಪುವುದು ಕೊನೆಯ ಹಂತದಲ್ಲಿ: ಗುರುಗಳು ಕೊಡುವ ಬಿಳಿ ರೊಟ್ಟಿಯನ್ನು ದೇವಸ್ಥಾನದ ಪ್ರಸಾದದಂತೆ ಭಾವಿಸಿ ಸಾಲಿನಲ್ಲಿ ನಿಲ್ಲುತ್ತಾರೆ. ಅದು ಪರಮಪ್ರಸಾದ, ದೀಕ್ಷಾಸ್ನಾನ ಪಡೆದು ಸಿದ್ಧರಾದ ಕ್ಯಾಥೊಲಿಕರಿಗೆ ಮಾತ್ರ. ನೀವು ಕುಳಿತೇ ಇರಿ, ಯಾರೂ ತಪ್ಪು ತಿಳಿಯುವುದಿಲ್ಲ. ಫೋಟೊ ಬೇಕಿದ್ದರೆ ಪೂಜೆ ಮುಗಿದ ಮೇಲೆ ಕೇಳಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಚಪ್ಪಲಿಗೆ ಎಲ್ಲ ಚರ್ಚುಗಳಲ್ಲೂ ಒಂದೇ ನಿಯಮವಿಲ್ಲ. ಬಾಗಿಲ ಬಳಿ ಬಿಟ್ಟಿರುವುದು ಕಂಡರೆ ನೀವೂ ಬಿಡಿ.