ಸಿಪ್ಪರ್ ಕಂಡರೆ ಮುಖ ತಿರುಗಿಸುತ್ತಿದ್ದ ಮಗು: ಒಂದು ಆಪ್ತಸಲಹೆ ಪ್ರಕರಣ

ಈ ಕುಟುಂಬದ ಗುರುತು ಸಿಗಬಾರದೆಂದು ಊರು, ಉದ್ಯೋಗ ಹಾಗೂ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗುವಿನ ವಯಸ್ಸು, ತೊಂದರೆಯ ಸ್ವರೂಪ ಮತ್ತು ಕೊಟ್ಟ ಸಲಹೆಗಳು ಇದ್ದಂತೆಯೇ ಇವೆ. ತಾಯಿ ಜಿಲ್ಲಾ ಕೇಂದ್ರವೊಂದರ ಕಚೇರಿಯಲ್ಲಿ ನೌಕರಿಯಲ್ಲಿರುವವರು. ಚೊಚ್ಚಲ ಮಗು, ಹೆಣ್ಣು, ನನ್ನ ಬಳಿಗೆ ಬಂದಾಗ ಏಳೂವರೆ ತಿಂಗಳು. 26 ವಾರಗಳ ಹೆರಿಗೆ ರಜೆ ಮುಗಿದು ತಾಯಿ ಕೆಲಸಕ್ಕೆ ಮರಳಿದ್ದರು. ಹಗಲು ಹೊತ್ತು ಮಗುವನ್ನು ಅವರ ಅತ್ತೆ ನೋಡಿಕೊಳ್ಳುತ್ತಿದ್ದರು.

ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಬಿಟ್ಟು ಬೇರೇನನ್ನೂ ಕೊಟ್ಟಿರಲಿಲ್ಲ. ಬಾಟಲಿಯನ್ನಂತೂ ಮನೆಗೇ ತಂದಿರಲಿಲ್ಲ. ಅದು ಸರಿಯಾದ ಕ್ರಮವೇ, ಆ ವಿಷಯದಲ್ಲಿ ತಾಯಿ ಪಶ್ಚಾತ್ತಾಪ ಪಡಬೇಕಾದ್ದು ಏನೂ ಇಲ್ಲ ಎಂದು ನಾನು ಮೊದಲಿಗೇ ಹೇಳಬೇಕಾಯಿತು, ಏಕೆಂದರೆ ನೆಂಟರಲ್ಲಿ ಹಲವರು ‘ಮೊದಲೇ ಬಾಟಲಿ ಅಭ್ಯಾಸ ಮಾಡಿಸಿದ್ದರೆ ಈ ಪಾಡು ಇರುತ್ತಿರಲಿಲ್ಲ’ ಎಂದು ಅವರನ್ನು ನೋಯಿಸಿದ್ದರು. ರಜೆ ಮುಗಿಯುವ ಹೊತ್ತಿಗೆ ಒಂದು ಸಿಪ್ಪರ್, ಎಂದರೆ ಹೀರಲು ಮೂತಿಯಿರುವ ಮುಚ್ಚಳದ ಲೋಟ, ತಂದರು, ಮಗು ಕುಡಿಯಲಿಲ್ಲ. ಮೆತ್ತನೆಯ ಮೂತಿಯದು, ಗಟ್ಟಿ ಮೂತಿಯದು, ಕೊಳವೆ ಇರುವುದು ಎಂದು ಮತ್ತಷ್ಟು ತಂದರು. ಯಾವುದನ್ನು ಬಾಯಿಗೆ ಹಿಡಿದರೂ ಮಗು ಮುಖ ತಿರುಗಿಸಿ ಕೊಸರಾಡುತ್ತಿತ್ತು. ತಾಯಿ ಬೆಳಗಿನ ಜಾವ ಎದ್ದು ಹಿಂಡಿಟ್ಟು ಹೋದ ಹಾಲು ಸಂಜೆ ಹಾಗೆಯೇ ಚೆಲ್ಲಿ ಹೋಗುತ್ತಿತ್ತು. ಹಗಲೆಲ್ಲ ರಾಗಿ ಸರಿ, ಬೇಯಿಸಿ ನುರಿದ ತರಕಾರಿ ತಿಂದುಕೊಂಡಿರುತ್ತಿದ್ದ ಮಗು, ತಾಯಿ ಮನೆಗೆ ಬಂದೊಡನೆ ಎದೆಗೆ ಅಂಟಿಕೊಂಡರೆ ರಾತ್ರಿಯಿಡೀ ಬಿಡುತ್ತಿರಲಿಲ್ಲ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದ ತಾಯಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಸಿಪ್ಪರಿನ ಬಗ್ಗೆ ಆಗಿರಲಿಲ್ಲ. ‘ನಾನು ಕೆಲಸ ಬಿಡಬೇಕಾ?’ ಎಂದು ಕೇಳಿದರು.

ಇಂಥ ಪ್ರಕರಣಗಳಲ್ಲಿ ಮಗುವಿಗೆ ಅಪಾಯವಿದೆಯೇ ಎಂಬುದು ಮೊದಲು ತೀರ್ಮಾನವಾಗಬೇಕು. ಅದು ತಿಳಿಯದೆ ಲೋಟದ ಮಾತು ಎತ್ತುವುದು ಸರಿಯಲ್ಲ. ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಚೆನ್ನಾಗಿ ಮೂತ್ರ ಮಾಡುತ್ತಿತ್ತು, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ತನ್ನ ದಾರಿಯಲ್ಲೇ ಮೇಲೇರುತ್ತಿತ್ತು, ಆಟದಲ್ಲಿ ಚುರುಕಾಗಿತ್ತು, ಎದೆಹಾಲು ಕುಡಿಯುವಾಗ ಕೆಮ್ಮು, ಮೂಗಿನಿಂದ ಹಾಲು ಬರುವುದು ಇತ್ಯಾದಿ ಯಾವುದೂ ಇರಲಿಲ್ಲ, ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರುತ್ತಿತ್ತು. ಹಗಲಿನ ಕೊರತೆಯನ್ನು ಮಗು ರಾತ್ರಿ ತುಂಬಿಸಿಕೊಳ್ಳುತ್ತಿದೆ, ತಾಯಿ ಕೆಲಸಕ್ಕೆ ಹೋಗತೊಡಗಿದಾಗ ಎಷ್ಟೋ ಮಕ್ಕಳು ಹೀಗೆ ಮಾಡುತ್ತವೆ, ಸದ್ಯಕ್ಕೆ ಮಗುವಿನ ಪೋಷಣೆಗೆ ಕುಂದಾಗಿಲ್ಲ ಎಂದು ವಿವರಿಸಿದ ಮೇಲೆ ತಾಯಿ ಸ್ವಲ್ಪ ನಿರಾಳರಾದರು. ಕೆಲಸ ಬಿಡುವ ತೀರ್ಮಾನವನ್ನು ಸದ್ಯ ಮುಂದೂಡಿ ಎಂದು ಕೇಳಿಕೊಂಡೆ.

ಬಳಿಕ, ಮನೆಯಲ್ಲಿ ಹೇಗೆ ಕುಡಿಸುತ್ತೀರೋ ಹಾಗೆಯೇ ಇಲ್ಲಿ ಕುಡಿಸಿ ತೋರಿಸಿ ಎಂದು ಅಜ್ಜಿಯನ್ನು ಕೋರಿದೆ. ಅವರು ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಿಂದ ಅದರ ಎರಡೂ ಕೈಗಳನ್ನು ಒತ್ತಿ ಹಿಡಿದು, ಬಲಗೈಯಿಂದ ಸಿಪ್ಪರಿನ ಮೂತಿಯನ್ನು ತುಟಿಗಳ ನಡುವೆ ತೂರಿಸಿದರು. ಮಗು ಎರಡು ಸಲ ಚೀಪಿತು, ಏನೂ ಬರಲಿಲ್ಲ. ಸಿಪ್ಪರಿನ ಮುಚ್ಚಳದೊಳಗೆ ಹಾಲು ಸೋರದಂತೆ ತಡೆಯುವ ರಬ್ಬರಿನ ವಾಲ್ವ್ ಇತ್ತು, ಅದನ್ನು ದಾಟಿ ಹೀರುವ ಬಲ ಆ ಬಾಯಿಗೆ ಇನ್ನೂ ಬಂದಿರಲಿಲ್ಲ. ‘ಇದು ಬರೋದಿಲ್ಲ’ ಎಂದು ಅಜ್ಜಿ ವಾಲ್ವ್ ಕಿತ್ತು ಮತ್ತೆ ಬಗ್ಗಿಸಿದರು. ಈಗ ಹಾಲು ಒಮ್ಮೆಗೇ ಗಂಟಲಿಗೆ ಹೋಗಿ ನೆತ್ತಿಗೆ ಹತ್ತಿತು. ಮಗು ಕೆಮ್ಮಿ, ಕೆಂಪಾಗಿ, ಅತ್ತು, ಸಿಪ್ಪರಿನ ನೀಲಿ ಮುಚ್ಚಳ ಕಂಡರೆ ಸಾಕು ಕತ್ತು ಹೊರಳಿಸತೊಡಗಿತು. ಮನೆಯವರು ಹಟ ಎಂದು ಕರೆಯುತ್ತಿದ್ದದ್ದು ಇದನ್ನೇ. ನನಗೆ ಅದರಲ್ಲಿ ಹಟ ಕಾಣಲಿಲ್ಲ. ಮಗುವಿಗೆ ಆ ಲೋಟದಿಂದ ಈವರೆಗೆ ಸಿಕ್ಕಿದ್ದು ಒಂದೋ ಏನೂ ಇಲ್ಲ, ಇಲ್ಲವೇ ಉಸಿರು ಕಟ್ಟುವಷ್ಟು. ತನ್ನನ್ನು ಕಾಪಾಡಿಕೊಳ್ಳಲು ಅದಕ್ಕೆ ಗೊತ್ತಿದ್ದ ಒಂದೇ ಉಪಾಯವೆಂದರೆ ಮುಖ ತಿರುಗಿಸುವುದು.

ಎದೆಹಾಲು ಕುಡಿಯುವಾಗ ಮಗುವಿನ ನಾಲಿಗೆ ತೊಟ್ಟನ್ನು ಆವರಿಸಿ ಮುಂದಕ್ಕೆ ಚಾಚಿರುತ್ತದೆ, ದವಡೆಯ ಜೊತೆಯಲ್ಲಿ ಏರಿ ಇಳಿದು ಹಾಲನ್ನು ಎಳೆಯುತ್ತದೆ. ಎಷ್ಟು ಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಪೂರ್ತಿಯಾಗಿ ಮಗುವಿನ ಹತೋಟಿಯಲ್ಲಿರುತ್ತದೆ. ಲೋಟದಿಂದ ಕುಡಿಯುವುದಕ್ಕೆ ಕೆಳತುಟಿ ಅಂಚಿಗೆ ಆಸರೆಯಾಗಬೇಕು, ಮೇಲ್ತುಟಿ ಇಳಿದು ದ್ರವವನ್ನು ಮುಟ್ಟಬೇಕು, ದವಡೆ ಅಲುಗದೆ ನಿಲ್ಲಬೇಕು, ನಾಲಿಗೆ ಒಳಗಿದ್ದು ಗುಟುಕನ್ನು ಹಿಂದಕ್ಕೆ ಸಾಗಿಸಬೇಕು. ಇದೊಂದು ಹೊಸ ವಿದ್ಯೆ. ಆರು ತಿಂಗಳ ಸುಮಾರಿಗೆ ಮಕ್ಕಳು ಇದನ್ನು ಕಲಿಯಲು ಸಿದ್ಧವಾಗುತ್ತವೆ, ಆದರೆ ಹಸಿದು ಅಳುತ್ತಿರುವಾಗ ಕಲಿಯುವುದಿಲ್ಲ. ‘ಹೊಟ್ಟೆ ಹಸಿದರೆ ತಾನೇ ಕುಡಿಯುತ್ತದೆ’ ಎಂದು ಹೇಳಿ ಕಾಯಿಸುವ ಕ್ರಮವನ್ನು ನಾನು ಎಂದೂ ಒಪ್ಪುವುದಿಲ್ಲ. ಅದರಿಂದ ಲೋಟದ ಮೇಲಿನ ಭಯ ಇನ್ನಷ್ಟು ಗಟ್ಟಿಯಾಗುತ್ತದೆ.

ಅಜ್ಜಿಯ ಜೊತೆ ನಾನು ಹೆಚ್ಚು ಹೊತ್ತು ಮಾತನಾಡಿದೆ. ಅವರು ತಮ್ಮ ಮಕ್ಕಳನ್ನು ಒಳಲೆಯಿಂದ ಹಾಲು ಹಾಕಿ ಬೆಳೆಸಿದವರು, ಮನೆಯಲ್ಲಿ ಈಗಲೂ ಬೆಳ್ಳಿಯ ಒಳಲೆ ಇದೆ. ಸೊಸೆಗೆ ತಿಳಿಯದ್ದು ತನಗೆ ತಿಳಿದಿದೆ ಎಂಬ ವಿಶ್ವಾಸವೂ, ಮೊಮ್ಮಗಳು ತನ್ನ ಕೈಯಲ್ಲಿ ಕುಡಿಯುತ್ತಿಲ್ಲ ಎಂಬ ನೋವೂ ಅವರಲ್ಲಿ ಒಟ್ಟಿಗೇ ಇದ್ದವು. ಒಳಲೆಯನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕುವುದು ತಪ್ಪು. ಎದೆ ಚೀಪಲಾರದ ನವಜಾತ ಶಿಶುಗಳಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಒಳಲೆಯಿಂದಲೇ ತಾಯಿಯ ಹಾಲು ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೂ ಬಾಟಲಿಗಿಂತ ತೆರೆದ ಬಟ್ಟಲೇ ಲೇಸು ಎನ್ನುತ್ತದೆ, ಏಕೆಂದರೆ ಅದನ್ನು ತೊಳೆಯುವುದು ಸುಲಭ, ಕೊಳೆ ಅಡಗಿ ಕೂರುವ ಸಂದು ಅದರಲ್ಲಿಲ್ಲ. ಆದರೆ ಒಳಲೆಯ ಹಾಲನ್ನೂ ಬಾಯೊಳಗೆ ಸುರಿಯಬಾರದು, ತುಟಿಗೆ ತಾಗಿಸಿ ಮಗು ನುಂಗುವವರೆಗೆ ಕಾಯಬೇಕು. ಅಲ್ಲದೆ, ಕತ್ತು ನಿಲ್ಲದ ಹಸುಗೂಸಿಗೆ ಮಡಿಲೇ ಆಸರೆ. ಏಳೂವರೆ ತಿಂಗಳ ಮಗು ಕೂತು ಕುಡಿಯಬೇಕು, ಅದರ ಕೈಗಳು ಬಿಡುಗಡೆಯಾಗಿರಬೇಕು. ಇಷ್ಟನ್ನು ಹೇಳಿದಾಗ ಅಜ್ಜಿ ಸ್ವಲ್ಪ ಯೋಚಿಸಿ, ‘ಹಾಗಾದರೆ ಗುಟುಕು ಗುಟುಕಿಗೂ ನಿಲ್ಲಿಸಬೇಕು’ ಎಂದರು. ಅವರು ಹೇಳಿದ ಆ ಒಂದು ಮಾತೇ ಮುಂದಿನ ಸಲಹೆಗೆಲ್ಲ ಬುನಾದಿಯಾಯಿತು.

ಮೊದಲ ಕೆಲವು ದಿನ ಸಿಪ್ಪರನ್ನು ಮಗುವಿನ ಕಣ್ಣಿಗೆ ಬೀಳದಂತೆ ಎತ್ತಿಡಲು ಹೇಳಿದೆ. ಆ ದಿನಗಳಲ್ಲಿ ಹಗಲಿನ ಹಾಲು ಊಟದ ಮೂಲಕ ಹೋಗಲಿ ಎಂದು, ಬೇಯಿಸಿ ಆರಿಸಿದ ರಾಗಿ ಸರಿಗೆ ಹಿಂಡಿದ ಎದೆಹಾಲು ಬೆರೆಸುವುದು, ಸ್ವಲ್ಪ ಹಾಲನ್ನು ಚಮಚದ ಅಂಚಿನಿಂದ ಕೊಡುವುದು ಎಂದು ಗೊತ್ತುಮಾಡಿದೆವು. ಚಮಚದಲ್ಲೂ ನಿಯಮ ಒಂದೇ: ಚಮಚ ಕೆಳತುಟಿಯ ಮೇಲೆ ಕೂರಬೇಕು, ಮಗು ತಾನಾಗಿ ಮೇಲ್ತುಟಿ ಇಳಿಸಿ ಹೀರಬೇಕು. ಜೊತೆಗೆ, ಮನೆಯಲ್ಲಿದ್ದ ಅತಿ ಚಿಕ್ಕ ಸ್ಟೀಲ್ ಲೋಟವೊಂದನ್ನು ಖಾಲಿಯಾಗಿಯೇ ಮಗುವಿನ ಕೈಗೆ ಆಟಕ್ಕೆ ಕೊಡಲು ತಿಳಿಸಿದೆ. ಅಂಚನ್ನು ಕಚ್ಚಲಿ, ನೆಕ್ಕಲಿ, ನೆಲಕ್ಕೆ ಬಡಿಯಲಿ. ದೊಡ್ಡವರು ಅದೇ ಬಗೆಯ ಲೋಟದಿಂದ ಮಗುವಿನ ಎದುರಿಗೆ ಕೂತು ನೀರು ಕುಡಿಯಲಿ. ಈ ವಯಸ್ಸಿನ ಮಕ್ಕಳು ನೋಡಿ ಕಲಿಯುವುದು ನಾವು ನೆನೆಸುವುದಕ್ಕಿಂತ ಬಹಳ ಹೆಚ್ಚು.

ಮಗು ಲೋಟವನ್ನು ಕಂಡು ಕೈ ಚಾಚತೊಡಗಿದ ಮೇಲೆ, ಊಟದ ನಡುವೆ, ಹೊಟ್ಟೆ ಅರ್ಧ ತುಂಬಿದ್ದಾಗ, ಕಾಯಿಸಿ ಆರಿಸಿದ ನೀರನ್ನು ಒಂದೆರಡು ಚಮಚದಷ್ಟು ಮಾತ್ರ ಹಾಕಿ ಕೊಡಬೇಕು. ಮಗುವಿನ ಬೆನ್ನು ನೆಟ್ಟಗಿರಲಿ, ಪಾದಗಳಿಗೆ ಊರಲು ಏನಾದರೂ ಸಿಗಲಿ. ಲೋಟದ ಅಂಚು ಕೆಳತುಟಿಯ ಮೇಲೆ ಹಗುರವಾಗಿ ಕೂರಲಿ, ನೀರು ಮೇಲ್ತುಟಿಗೆ ತಾಗುವಷ್ಟು ಮಾತ್ರ ಬಗ್ಗಿಸಿ, ಅಲ್ಲಿಗೆ ಕೈ ನಿಲ್ಲಿಸಿ ಕಾಯಿರಿ. ಒಂದು ಗುಟುಕು ನುಂಗಿದೊಡನೆ ಲೋಟವನ್ನು ಇಳಿಸಿ. ಅಂಚನ್ನು ಕಚ್ಚಿ ಹಿಡಿದರೆ ಬಿಡಿಸಬೇಡಿ, ಅಲುಗುವ ದವಡೆಯನ್ನು ನಿಲ್ಲಿಸಿಕೊಳ್ಳಲು ಮಕ್ಕಳು ಹಾಗೆ ಮಾಡುತ್ತವೆ. ಗಲ್ಲದ ಮೇಲೆ ಸುರಿದದ್ದೇ ಹೆಚ್ಚಾಗಿರುತ್ತದೆ, ಅದಕ್ಕೆ ಬೇಸರಪಡಬೇಡಿ. ಮುಖ ತಿರುಗಿಸಿದರೆ ಆ ಹೊತ್ತಿನ ಪಾಠ ಮುಗಿಯಿತು ಎಂದೇ ತಿಳಿಯಬೇಕು. ಮೂಗು ಹಿಡಿಯುವುದು, ಕೈ ಒತ್ತುವುದು, ಟಿ.ವಿ. ಅಥವಾ ಮೊಬೈಲ್ ತೋರಿಸಿ ಗೊತ್ತಾಗದಂತೆ ಹಾಕುವುದು ಯಾವುದೂ ಕೂಡದು. ನೀರು ಸಲೀಸಾದ ಮೇಲೆ ಅದೇ ಲೋಟಕ್ಕೆ ಹಾಲು ಬರಲಿ. ಶುರುವಿನಲ್ಲಿ ತಾಯಿ ಎದುರಿಗೆ ಇರದಿರುವುದು ಒಳ್ಳೆಯದು, ಏಕೆಂದರೆ ಎದೆಯ ವಾಸನೆ ಹತ್ತಿರವಿರುವಾಗ ಲೋಟ ಯಾವ ಮಗುವಿಗೂ ಬೇಕಾಗುವುದಿಲ್ಲ.

ಹಾಲಿನ ವಿಷಯದಲ್ಲಿ ಇನ್ನೊಂದು ತೊಡಕು ಹೊರಬಿತ್ತು. ತಾಯಿ ಫ್ರೀಜರಿನಲ್ಲಿ ಸಂಗ್ರಹಿಸಿಟ್ಟಿದ್ದ ಹಾಲನ್ನು ಕರಗಿಸಿದಾಗ ಸೋಪಿನಂಥ ವಾಸನೆ ಬರುತ್ತಿತ್ತು. ಕೆಟ್ಟಿದೆ ಎಂದು ಅಜ್ಜಿ ಚೆಲ್ಲುತ್ತಿದ್ದರು. ಎದೆಹಾಲಿನಲ್ಲಿರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಕೆಲವು ತಾಯಂದಿರ ಹಾಲಿಗೆ ಹೀಗಾಗುತ್ತದೆ. ಅದು ಮಗುವಿಗೆ ಅಪಾಯಕಾರಿಯಲ್ಲ, ಆದರೆ ರುಚಿ ಹಿಡಿಸದ ಮಕ್ಕಳುಂಟು. ಹೀಗಾಗಿ ಕಲಿಯುವ ದಿನಗಳಲ್ಲಿ ಆಯಾ ದಿನ ಹಿಂಡಿದ ತಾಜಾ ಹಾಲನ್ನೇ ಬಳಸಲು ಹೇಳಿದೆ. 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ ಹಿಂಡಿದ ಹಾಲು 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗಿಡದಿರುವುದೇ ಕ್ಷೇಮ. ಮೇಲೆ ಕೆನೆ ಬೇರೆಯಾಗಿ ನಿಂತರೆ ಮೆಲ್ಲಗೆ ತಿರುಗಿಸಿ ಬೆರೆಸಿಕೊಂಡರೆ ಸಾಕು. ಬಾಯಿ ಹಚ್ಚಿ ಉಳಿಸಿದ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು, ಆದ್ದರಿಂದ ಒಮ್ಮೆಗೆ ಸ್ವಲ್ಪವೇ ಹಾಕಿಕೊಳ್ಳಿ ಎಂದೆ. ತಾಯಿ ದೂರವಿರುವ ಪ್ರತಿ ಗಂಟೆಗೆ ಸುಮಾರು 30ರಿಂದ 45 ಮಿ.ಲೀ. ಲೆಕ್ಕ ಹಿಡಿದರೆ ಸಾಕಾಗುತ್ತದೆ. ಇಡೀ ಸಿಪ್ಪರ್ ಖಾಲಿಯಾಗಲೇಬೇಕೆಂಬ ಅಜ್ಜಿಯ ಒತ್ತಾಯಕ್ಕೆ ಈ ಲೆಕ್ಕ ಒಂದು ಕಡಿವಾಣವಾಯಿತು.

ಸಿಪ್ಪರನ್ನು ಪೂರ್ತಿ ಬಿಡಬೇಕೆಂದು ನಾನು ಹೇಳಲಿಲ್ಲ. ಪ್ರಯಾಣದಲ್ಲಿ ಅದು ನಿಜಕ್ಕೂ ಅನುಕೂಲ. ಎರಡು ಹಿಡಿಕೆಯದನ್ನು ಇಟ್ಟುಕೊಂಡು, ವಾಲ್ವ್ ತೆಗೆದು, ತಳದಲ್ಲಿ ಸ್ವಲ್ಪವೇ ನೀರು ಹಾಕಿ ಮಗುವಿನ ಕೈಗೇ ಕೊಡಿ ಎಂದೆ. ಅವರು ತಂದಿದ್ದ ಸಿಪ್ಪರಿನ ವಾಲ್ವನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದಾಗ ಸೀಳಿನೊಳಗೆ ಹಳದಿಗಟ್ಟಿದ ಹಾಲಿನ ಪದರ ಕಂಡಿತು. ದಿನವೂ ಬಿಸಿನೀರಿನಲ್ಲಿ ಕುದಿಸುತ್ತಿದ್ದರು, ಆದರೆ ಬಿಡಿಭಾಗಗಳನ್ನು ಕಳಚುತ್ತಿರಲಿಲ್ಲ. ತೊಳೆಯುವ ಜವಾಬ್ದಾರಿಯನ್ನು ಅಂದಿನಿಂದ ಮಗುವಿನ ತಂದೆ ವಹಿಸಿಕೊಂಡರು.

ಕಚೇರಿಯ ಮಾತು ಬಂದಾಗ, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ಹೆರಿಗೆ ಸೌಲಭ್ಯದ ಕಾನೂನು ಕೊಡುತ್ತದೆ ಎಂಬುದು ತಾಯಿಗೆ ಗೊತ್ತೇ ಇರಲಿಲ್ಲ ಎಂದು ತಿಳಿಯಿತು. ಅವರ ಕಚೇರಿ ಮನೆಗೆ ಹತ್ತಿರವಿತ್ತು. ಲಿಖಿತವಾಗಿ ಕೇಳಿಕೊಂಡ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದು ಹಾಲೂಡಿಸಿ ಹೋಗಲು ಸಾಧ್ಯವಾಯಿತು. ರಾತ್ರಿಯ ಭಾರ ಇಳಿದದ್ದರಲ್ಲಿ ಲೋಟದ ಪಾಲಿಗಿಂತ ಈ ಬಿಡುವಿನ ಪಾಲೇ ದೊಡ್ಡದೆಂದು ನನ್ನ ಅಭಿಪ್ರಾಯ.

ಮುಂದಿನ ಭೇಟಿಯ ವೇಳೆಗೆ ಮಗು ಸ್ಟೀಲ್ ಲೋಟಕ್ಕೆ ಕೈ ಅದ್ದಿ ಬೆರಳು ಚೀಪುವಷ್ಟಕ್ಕೆ ಬಂದಿತ್ತು. ಅದಾದ ಮೇಲೆ ನಡುವೆ ನೆಗಡಿಯಾಗಿ ಮೂಗು ಕಟ್ಟಿದಾಗ ಎಲ್ಲವೂ ನಿಂತುಹೋಯಿತು. ಉಸಿರಾಟ ಸರಾಗವಾಗುವವರೆಗೆ ಒತ್ತಾಯ ಬೇಡ ಎಂದೆ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅಜ್ಜಿ ಹಿಡಿದ ಲೋಟದಿಂದ ಒಂದೊಂದೇ ಗುಟುಕಾಗಿ ಹಗಲಿನ ಹಾಲನ್ನು ಕುಡಿಯುತ್ತಿತ್ತು, ಸಾಕಾದಾಗ ಲೋಟವನ್ನು ಅಂಗೈಯಿಂದ ದೂಡುತ್ತಿತ್ತು. ಅಜ್ಜಿ ಅದನ್ನು ಅಭಿಮಾನದಿಂದಲೇ ತೋರಿಸಿದರು.

ಇದೇ ಬಗೆಯ ತೊಂದರೆಯಲ್ಲಿರುವ ಬೇರೆ ಮನೆಗಳಿಗೆ ಒಂದು ಎಚ್ಚರಿಕೆ ಹೇಳಬೇಕು. ಪ್ರತಿ ಗುಟುಕಿಗೂ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಮೂಗಿನಿಂದ ಹಾಲು ಬರುವುದು, ತುಟಿ ನೀಲಿಗಟ್ಟುವುದು, ಮತ್ತೆ ಮತ್ತೆ ಎದೆಯ ಸೋಂಕು, ತೂಕ ನಿಂತುಹೋಗುವುದು, ಮೂತ್ರ ಕಡಿಮೆಯಾಗುವುದು, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು ಇವುಗಳಲ್ಲಿ ಯಾವುದಿದ್ದರೂ ಮನೆಯ ಅಭ್ಯಾಸ ನಿಲ್ಲಿಸಿ ಮಕ್ಕಳ ವೈದ್ಯರನ್ನು ಕಾಣಬೇಕು. ನುಂಗುವಿಕೆಯ ತೊಂದರೆಯನ್ನು ಪರೀಕ್ಷಿಸಿ ತರಬೇತಿ ಕೊಡುವವರು ವಾಕ್ ಚಿಕಿತ್ಸಕರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ಇಂಥ ತಜ್ಞರು ರಾಜ್ಯದ ಹಲವು ಊರುಗಳಲ್ಲಿದ್ದಾರೆ.

ಕೊನೆಯ ಭೇಟಿಯಲ್ಲಿ ತಾಯಿ, ಈಗ ಸಿಪ್ಪರೂ ಒಗ್ಗಿರುವುದರಿಂದ ರಾತ್ರಿ ಅದಕ್ಕೆ ಹಸುವಿನ ಹಾಲೋ ಹಣ್ಣಿನ ರಸವೋ ಹಾಕಿ ಹಾಸಿಗೆಯಲ್ಲಿ ಕೊಡಬಹುದೇ ಎಂದು ಕೇಳಿದರು. ಎರಡೂ ಬೇಡ ಎಂದೆ. ವರ್ಷ ತುಂಬುವವರೆಗೆ ಹಸುವಿನ ಹಾಲು ಮುಖ್ಯ ಪಾನೀಯವಾಗಬಾರದು, ಹಣ್ಣಿನ ರಸವಂತೂ ಬೇಕೇ ಇಲ್ಲ, ಹಣ್ಣನ್ನೇ ನುರಿದು ಕೊಡಬಹುದು. ಸಿಹಿ ಇರುವ ಯಾವುದನ್ನೇ ಆಗಲಿ ಮಲಗಿಕೊಂಡು ಗಂಟೆಗಟ್ಟಲೆ ಚೀಪುತ್ತಿದ್ದರೆ ಆಗಷ್ಟೇ ಮೂಡುತ್ತಿರುವ ಹಲ್ಲುಗಳು ಹುಳುಕಾಗುತ್ತವೆ. ಸಿಪ್ಪರಿನಲ್ಲಿ ನೀರು ಮಾತ್ರ, ಅದೂ ಕೂತು ಕುಡಿಯುವಾಗ ಮಾತ್ರ ಇರಲಿ, ರಾತ್ರಿ ಮಗು ಎಚ್ಚರವಾದರೆ ಎದೆಹಾಲನ್ನೇ ಕೊಡಿ ಎಂದು ತಿಳಿಸಿ, ವರ್ಷದ ಹುಟ್ಟುಹಬ್ಬದ ನಂತರ ಮತ್ತೊಮ್ಮೆ ತೂಕ ನೋಡಲು ಬರಹೇಳಿದೆ.