‘ತಿರಸ್ಕರಿಸಲ್ಪಟ್ಟಿತು’ ಅಂದ್ರಲ್ಲ, ತಿರಸ್ಕರಿಸಿದ್ದು ಯಾರು?

ನಮಸ್ಕಾರ,

ಐಸ್ ಹಾಕಿ ಟೀಮುಗಳ ಹೆಸರನ್ನ ‘ಕಾರ್ಪೊರೇಟ್ ಶಕ್ತಿಗಳು’ ಕಿತ್ಕೊಳ್ತಿವೆ ಅನ್ನೋ ನಿಮ್ಮ ‘ಹೆಸರುಗಳ್ಳರು’ ಲೇಖನ ಬಂದು ಮೂರು ವಾರ ಆಯ್ತು, ಉತ್ತರ ತಡ ಆಯ್ತು ಅಂತ ಬೇಜಾರ್ ಮಾಡ್ಕೋಬೇಡಿ. ಎರಡು ಸಲ ಓದಿದೆ, ಒಂದು ಸಲ ಮೆಟ್ರೋದಲ್ಲಿ ನಿಂತ್ಕೊಂಡು, ಇನ್ನೊಂದು ಸಲ ಪ್ರಿಂಟ್ ತೆಗ್ದು ಪೆನ್ಸಿಲ್ ಹಿಡ್ಕೊಂಡು. ನೇರವಾಗೇ ಹೇಳ್ಬಿಡ್ತೀನಿ, ಈಗಿರೋ ಹಾಗೆ ಇದನ್ನ ಹಾಕಕ್ಕಾಗಲ್ಲ. ಹಾಗಂತ ‘ಕ್ಷಮಿಸಿ, ಸ್ಥಳಾವಕಾಶ ಇಲ್ಲ’ ಅಂತ ಎರಡು ಸಾಲು ಬರ್ದು ಕೈ ತೊಳ್ಕೊಳ್ಳೋಕೂ ಮನಸ್ಸು ಬರ್ತಿಲ್ಲ, ಯಾಕಂದ್ರೆ ಒಳಗೆ ಒಂದು ಭರ್ಜರಿ ಕಥೆ ಇದೆ, ನೀವೇ ಅದರ ಮೇಲೆ ಹತ್ತು ಟೀಮ್ ಪೇರಿಸಿಟ್ಟು ಉಸಿರು ಕಟ್ಟಿಸಿದ್ದೀರ.

ಮೊದಲು ಒಂದು ಸಣ್ಣ ವಿಷಯ. ಎರಡನೇ ಪುಟದ ಅರ್ಧಕ್ಕೆ ಬರೋವರೆಗೂ ಇದು ಐಸ್ ಹಾಕಿ ಅಂತ ನೀವು ಹೇಳೇ ಇಲ್ಲ. ನಮ್ಮ ಓದುಗರಿಗೆ ಹಾಕಿ ಅಂದ್ರೆ ಟರ್ಫ್, ಪೆನಾಲ್ಟಿ ಕಾರ್ನರ್, ಮಡಿಕೇರಿ ಕಡೆ ಹುಡುಗರು. ‘ವೃತ್ತಿಪರ ಹಾಕಿ ತಂಡಗಳು’ ಅಂತ ಶುರು ಮಾಡಿ ಸೀದಾ ಸಾಲ್ಟ್ ಲೇಕ್ ಸಿಟಿಗೆ ಹಾರಿದ್ರೆ ಅವರು ಇಂಡಿಯಾ ಟೀಮೇನಾದ್ರೂ ಅಲ್ಲಿಗೆ ಹೋಗಿತ್ತಾ ಅಂತ ತಲೆ ಕೆರ್ಕೋತಾರೆ. ಮೊದಲನೇ ಸಾಲಲ್ಲೇ ಐಸ್ ಇರ್ಲಿ.

ಈಗ ದೊಡ್ಡ ವಿಷಯಕ್ಕೆ ಬರ್ತೀನಿ. ಪೆನ್ಸಿಲ್ ಹಿಡ್ಕೊಂಡು ಓದಿದೆ ಅಂದ್ನಲ್ಲ, ‘ತಿರಸ್ಕರಿಸಲ್ಪಟ್ಟಿತು’ ಅನ್ನೋ ಪದಕ್ಕೆ ಸುತ್ತು ಹಾಕ್ತಾ ಹೋದೆ, ಹದಿನಾಲ್ಕು ಸುತ್ತು ಆಯ್ತು. ಯೇತಿ ಎಂಬ ಹೆಸರು ತಿರಸ್ಕರಿಸಲ್ಪಟ್ಟಿತು, ಬ್ಲೇಡ್ಸ್ ತಿರಸ್ಕರಿಸಲ್ಪಟ್ಟಿತು, ವಾಸಾಚ್ ತಿರಸ್ಕರಿಸಲ್ಪಟ್ಟಿತು. ಅಲ್ಲ ಕಣ್ರೀ, ಯಾರು ತಿರಸ್ಕರಿಸಿದ್ದು? ಮನೇಲಿ ಲೋಟ ಒಡೆದ ಮಗು ಕೂಡ ‘ಬಿದ್ದೋಯ್ತು’ ಅನ್ನುತ್ತೆ, ‘ಬೀಳಿಸಲ್ಪಟ್ಟಿತು’ ಅನ್ನಲ್ಲ. ಬರೀ ಭಾಷೆ ವಿಚಾರ ಆಗಿದ್ರೆ ನಾನೇ ತಿದ್ದಿ ಹಾಕ್ತಿದ್ದೆ. ಆದ್ರೆ ಈ ‘ಲ್ಪಟ್ಟಿತು’ ಹಿಂದೆ ಬಚ್ಚಿಟ್ಕೊಂಡಿರೋರು ಒಬ್ಬರಲ್ಲ, ಒಂದೊಂದು ಕಡೆ ಒಬ್ಬೊಬ್ಬರು. ನೀವು ಎಲ್ರನ್ನೂ ಸೇರಿಸಿ ‘ಕಾರ್ಪೊರೇಟ್ ಶಕ್ತಿಗಳು’ ಅಂತ ಒಂದೇ ಚೀಲಕ್ಕೆ ತುಂಬಿದ್ದೀರ.

ಯೂಟಾದ್ದೇ ತಗೊಳ್ಳಿ. 2024ರ ಏಪ್ರಿಲ್‌ನಲ್ಲಿ ಅರಿಜೋನಾ ಕೊಯೋಟೀಸ್ ಅನ್ನೋ ಐಸ್ ಹಾಕಿ ಟೀಮಿನ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಗೆ ಬಂದ್ರು, ಕೊಂಡಿದ್ದು ರಯಾನ್ ಸ್ಮಿತ್. ಈ ಮನುಷ್ಯ ದುಡ್ಡು ಮಾಡಿದ್ದು ಹೇಗೆ ಅಂತ ನೀವು ಬರ್ದೇ ಇಲ್ಲ ನೋಡಿ, ಅದೇ ಮಜಾ ಇರೋದು! ಕ್ವಾಲ್ಟ್ರಿಕ್ಸ್ ಅಂತ ಸರ್ವೆ ಸಾಫ್ಟ್‌ವೇರ್ ಕಂಪನಿ ಕಟ್ಟಿದವರಲ್ಲಿ ಒಬ್ಬ. ಅಂದ್ರೆ ಜನರ ಅಭಿಪ್ರಾಯ ಕೇಳೋದೇ ಅವನ ಕಸುಬು. ಟೀಮಿಗೆ ಹೆಸರಿಡೋಕೂ ತನ್ನದೇ ಸಾಫ್ಟ್‌ವೇರ್‌ನಲ್ಲಿ ಸರ್ವೆ ಮಾಡಿಸ್ದ. ಇಪ್ಪತ್ತು ಹೆಸರಿಂದ ಶುರುವಾಗಿ ಆರಕ್ಕೆ ಇಳೀತು: ಬ್ಲಿಜರ್ಡ್, ಹಾಕಿ ಕ್ಲಬ್, ಮ್ಯಾಮತ್, ಔಟ್‌ಲಾಸ್, ವೆನಮ್, ಯೇತಿ. ಹೆಸರು ಗಟ್ಟಿ ಆಗೋವರೆಗೆ ಮೊದಲ ಸೀಸನ್ ಪೂರ್ತಿ ‘ಯೂಟಾ ಹಾಕಿ ಕ್ಲಬ್’ ಅಂತ್ಲೇ ಆಡಿದ್ರು, ನಾಮಕರಣ ಆಗೋವರೆಗೂ ಮಗೂನ ‘ಪುಟ್ಟ’ ಅಂತ ಕರೆಯೋ ಹಾಗೆ. ಜನಕ್ಕೆ ಯೇತಿ ಬಹಳ ಹಿಡಿಸಿತ್ತು. 2025ರ ಜನವರಿಯಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಆಫೀಸು ‘ಆಗಲ್ಲ’ ಅಂತು.

ನಿಮ್ಮ ಲೇಖನದಲ್ಲಿ ಇಲ್ಲಿ ಒಂದೇ ವಾಕ್ಯ ಇದೆ: ‘ಕೂಲರ್ ಕಂಪನಿಯೊಂದರ ಆಕ್ಷೇಪದಿಂದ ಹೆಸರು ತಿರಸ್ಕರಿಸಲ್ಪಟ್ಟಿತು’. ಇದು ಓದಿದ ನಮ್ಮೂರಿನವನು ಕಿಟಕಿಗೆ ಹಾಕೋ ಏರ್ ಕೂಲರ್ ಅಂದ್ಕೊಂಡು ಮುಂದಕ್ಕೆ ಹೋಗ್ತಾನೆ. ದಯವಿಟ್ಟು ಇಲ್ಲೇ ಕೂತ್ಕೊಳ್ಳಿ, ಎರಡು ಪ್ಯಾರಾ ಕೂತ್ಕೊಳ್ಳಿ. ಆ ಯೇತಿ ಕಂಪನಿಯ ಡಬ್ಬ ಹೇಗಿರುತ್ತೆ ಅಂತ ತೋರಿಸಿ. ದಪ್ಪ ಗೋಡೆಯ ಐಸ್ ಡಬ್ಬ, ಮುಚ್ಚಳಕ್ಕೆ ಫ್ರಿಜ್ಜಿನ ಬಾಗಿಲಿಗಿರೋ ಥರ ರಬ್ಬರ್ ಸುತ್ತು, ಮೀನು ಹಿಡಿಯೋಕೆ ಬೇಟೆಗೆ ಅಂತ ಹೋಗೋರು ಗಾಡಿ ಹಿಂದೆ ಹಾಕ್ಕೊಂಡು ಹೋಗೋದು. ಟೆಕ್ಸಾಸಿನ ಆಸ್ಟಿನ್‌ನಲ್ಲಿ 2006ರಲ್ಲಿ ಇಬ್ಬರು ಅಣ್ಣತಮ್ಮಂದಿರು ಶುರು ಮಾಡಿದ್ದು, ಆಮೇಲೆ ಸ್ಟೀಲ್ ಲೋಟ, ಬಾಟ್ಲಿ, ಟೋಪಿ, ಟೀ ಶರ್ಟ್ ಎಲ್ಲದರ ಮೇಲೂ ಯೇತಿ ಅಂತ ಬರ್ಕೊಂಡ್ರು. ಈಗ ಓದುಗನಿಗೆ ತಾನೇ ಹೊಳೆಯುತ್ತೆ, ಹಾಕಿ ಟೀಮಿನವರು ಸ್ಟೇಡಿಯಂ ಹೊರಗೆ ಮಾರೋದೇನು? ಟೋಪಿ, ಟೀ ಶರ್ಟ್, ಲೋಟ, ಬಾಟ್ಲಿ!

ಟ್ರೇಡ್‌ಮಾರ್ಕ್ ಆಫೀಸಿನವರು ಕೇಳಿದ್ದು ‘ಜನ ಐಸ್ ಡಬ್ಬನ ಹಾಕಿ ಟೀಮು ಅಂದ್ಕೋತಾರಾ’ ಅಂತ ಅಲ್ಲ. ಅಂಗಡೀಲಿ ಯೇತಿ ಅಂತ ಬರ್ದಿರೋ ಟೋಪಿ ನೋಡಿದೋನು ಇದು ಯಾರ ಮಾಲು ಅಂತ ಗೊಂದಲ ಮಾಡ್ಕೋತಾನಾ ಅಂತ, ಅಷ್ಟೇ ಅವರ ಪ್ರಶ್ನೆ. ಇದನ್ನ ಬಿಡಿಸಿ ಹೇಳದೇ ಇದ್ರೆ ಬೀದಿಗೊಂದು ಅಯ್ಯಂಗಾರ್ ಬೇಕರಿ ನೋಡ್ಕೊಂಡು ಬೆಳೆದಿರೋ ನಮ್ಮ ಓದುಗರಿಗೆ ಹಿಮದಲ್ಲಿರೋ ಕಾಲ್ಪನಿಕ ಪ್ರಾಣಿ ಹೆಸರು ಒಬ್ಬನ ಆಸ್ತಿ ಹೇಗಾಗುತ್ತೆ ಅನ್ನೋದು ತಲೆಗೇ ಹೋಗಲ್ಲ. ಟೀಮಿನವರು ಆ ಕಂಪನಿ ಜೊತೆ ಕೂತು ಮಾತಾಡಿದ್ರು, ಇಬ್ಬರೂ ಹೆಸರು ಹಂಚ್ಕೊಳ್ಳೋಣ ಅಂತ, ಒಪ್ಪಂದಕ್ಕೆ ಬರ್ಲಿಲ್ಲ.

ಮುಂದಿಂದು ಇನ್ನೂ ಚೆನ್ನಾಗಿದೆ, ನೀವು ಅದನ್ನೂ ಓಡಿಸ್ಬಿಟ್ಟಿದ್ದೀರ. ಯೇತಿ ಹೋಯ್ತಲ್ಲ, ಆ ಜಾಗಕ್ಕೆ ‘ವಾಸಾಚ್’ ಅಂತ ತಂದ್ರು, ಊರ ಪಕ್ಕದ ಬೆಟ್ಟ ಸಾಲಿನ ಹೆಸರು. ಜನ ಮುಖ ಸಿಂಡರಿಸಿದ್ರು, ಒಂದೆರಡು ದಿನದೊಳಗೆ ಅದನ್ನ ಎತ್ತಿ ಹಾಕಿ ಔಟ್‌ಲಾಸ್‌ನ ವಾಪಸ್ ಕರ್ಕೊಂಡು ಬಂದ್ರು. ಅಂದ್ರೆ ಒಂದೇ ಟೀಮು, ಒಂದೇ ತಿಂಗಳು, ಎರಡು ಹೆಸರು ಸತ್ತವು. ಒಂದನ್ನ ಕೊಂದಿದ್ದು ಆಫೀಸು, ಇನ್ನೊಂದನ್ನ ಕೊಂದಿದ್ದು ಅಭಿಮಾನಿಗಳೇ. ಇಲ್ಲಿ ಕಳ್ಳ ಯಾರು ಹೇಳಿ? ಎಂಟೂವರೆ ಲಕ್ಷಕ್ಕೂ ಮೀರಿ ವೋಟು ಬಿದ್ದು 2025ರ ಮೇ 7ಕ್ಕೆ ‘ಯೂಟಾ ಮ್ಯಾಮತ್’ ಅಂತ ಘೋಷಿಸಿದ್ರು, ಅಷ್ಟಾದ್ರೂ ಮುಗೀಲಿಲ್ಲ, ಹಾಕಿ ಸಾಮಾನು ತುಂಬೋ ಬ್ಯಾಗ್ ಮಾಡೋ ಒಂದು ಚಿಕ್ಕ ಕಂಪನಿ ‘ಮ್ಯಾಮತ್ ನಮ್ಮ ಹೆಸರು’ ಅಂತ ಎದ್ದು ನಿಂತು ಆ ಜಗಳವೂ ಕೋರ್ಟ್ ಮೆಟ್ಟಿಲು ಹತ್ತಿತು.

ವೇಗಸ್ ಟೀಮಿನ ಭಾಗದಲ್ಲಿ ನಿಮ್ಮ ತಪ್ಪು ಬೇರೆ ಥರದ್ದು. ‘ಗೋಲ್ಡನ್ ನೈಟ್ಸ್ ಹೆಸರೂ ತಿರಸ್ಕರಿಸಲ್ಪಟ್ಟಿತು’ ಅಂತ ಬರ್ದು ನಿಲ್ಲಿಸಿದ್ದೀರ. ಸ್ವಾಮಿ, ಆ ಟೀಮು ಇವತ್ತಿಗೂ ಅದೇ ಹೆಸರಲ್ಲಿ ಆಡ್ತಿದೆ, 2023ರಲ್ಲಿ ಐಸ್ ಹಾಕಿಯ ದೊಡ್ಡ ಕಪ್ಪಾದ ಸ್ಟಾನ್ಲಿ ಕಪ್ ಗೆದ್ದಿದೆ! ಮಾಲೀಕ ಬಿಲ್ ಫೋಲಿ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮೀಲಿ ಓದಿದೋನು, ಅವನ ಮನಸ್ಸಲ್ಲಿದ್ದಿದ್ದು ಅಲ್ಲಿನ ಟೀಮುಗಳ ಹೆಸರಾದ ‘ಬ್ಲ್ಯಾಕ್ ನೈಟ್ಸ್’, ಅದು ಆಗದೇ ಗೋಲ್ಡನ್‌ಗೆ ಬಂದ. 2016ರ ನವೆಂಬರ್ 22ಕ್ಕೆ ಅದ್ದೂರಿಯಾಗಿ ಹೆಸರು ಬಿಡುಗಡೆ, ಡಿಸೆಂಬರ್ ಮೊದಲ ವಾರಕ್ಕೆ ಟ್ರೇಡ್‌ಮಾರ್ಕ್ ಆಫೀಸಿಂದ ಕಾಗದ, ಆಲ್ಬನಿಯ ಸೇಂಟ್ ರೋಸ್ ಅನ್ನೋ ಸಣ್ಣ ಕಾಲೇಜಿನ ಟೀಮುಗಳಿಗೆ ಇದೇ ಹೆಸರಿದೆ ಅಂತ. ಅದನ್ನ ಹೇಗೋ ದಾಟಿದ್ರು ಅನ್ನೋ ಹೊತ್ತಿಗೆ 2018ರ ಜನವರಿಯಲ್ಲಿ ಅಮೆರಿಕದ ಸೈನ್ಯವೇ ಅಡ್ಡ ಬಂತು, ಅವರ ಪ್ಯಾರಾಶೂಟ್ ತಂಡದ ಹೆಸರೂ ಗೋಲ್ಡನ್ ನೈಟ್ಸ್. ಟೀಮಿನವರು ಕೊಟ್ಟ ಉತ್ತರ ಓದಿ ನಾನು ಒಬ್ಬನೇ ನಕ್ಕಿದ್ದೀನಿ: ಪ್ಯಾರಾಶೂಟ್ ನೋಡೋಕೆ ಬಂದು ಹಾಕಿ ನೋಡ್ಬೇಕಾಯ್ತು ಅಂತ ಇವತ್ತಿನವರೆಗೂ ಒಬ್ಬ ಪ್ರೇಕ್ಷಕನೂ ನಮಗೆ ದೂರು ಕೊಟ್ಟಿಲ್ಲ ಅನ್ನೋ ಅರ್ಥದ ಹೇಳಿಕೆ. ಅದೇ ವರ್ಷ ಜುಲೈನಲ್ಲಿ ಎರಡೂ ಕಡೆಯವರು ರಾಜಿ ಆದ್ರು. ಈ ನಗು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ, ಎಲ್ಲಾ ಕಡೆ ಹಲ್ಲು ಕಚ್ಕೊಂಡೇ ಬರ್ದಿದ್ದೀರ.

ಸ್ಯಾನ್ ಹೋಸೆಯ ಬ್ಲೇಡ್ಸ್‌ಗೆ ಒಂದು ಸಾಲು ಸಾಕು, ಆದ್ರೆ ಆ ಸಾಲಲ್ಲಿ ಕಾರಣ ಇರ್ಲಿ. 1990ರ ಹೆಸರಿಡೋ ಸ್ಪರ್ಧೇಲಿ ಜನ ಅತಿ ಹೆಚ್ಚು ಕಳಿಸಿದ್ದೇ ಆ ಹೆಸರು, ಮಾಲೀಕರು ‘ಗ್ಯಾಂಗ್‌ನವರ ಚಾಕು ನೆನಪಾಗುತ್ತೆ’ ಅಂತ ಹೆದ್ರಿ ಎರಡನೇ ಸ್ಥಾನದ ಶಾರ್ಕ್ಸ್ ಹಿಡ್ಕೊಂಡ್ರು. ಅಮೆರಿಕ, ಕೆನಡಾ ಟೀಮುಗಳಿರೋ ಮಹಿಳಾ ಐಸ್ ಹಾಕಿ ಲೀಗಿನದು ಮಾತ್ರ ಕೈ ಬಿಡ್ಬೇಡಿ. 2023ರ ಅಕ್ಟೋಬರ್‌ನಲ್ಲಿ ಲೀಗಿನವರು ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ರು, ಬಾಸ್ಟನ್ ವಿಕೆಡ್, ನ್ಯೂಯಾರ್ಕ್ ಸೌಂಡ್, ಒಟ್ಟಾವಾ ಅಲರ್ಟ್ ಅಂತೆಲ್ಲ. ಅರ್ಜಿ ಅಂದ್ರೆ ಯಾರು ಬೇಕಾದ್ರೂ ನೋಡ್ಬಹುದಾದ ದಾಖಲೆ, ಜನ ನೋಡ್ಬಿಟ್ರು, ಆಡ್ಕೊಂಡ್ರು. ಆ ಹೆಸರುಗಳನ್ನ ಲೀಗಿನವರು ಕೊನೆಗೂ ಬಳಸಲೇ ಇಲ್ಲ. 2024ರ ಜನವರಿ 1ಕ್ಕೆ ಲೀಗ್ ಶುರುವಾದಾಗ ಜೆರ್ಸಿ ಮೇಲೆ ಬರೀ ಊರ ಹೆಸರು. ಫ್ಲೀಟ್, ಸೈರೆನ್ಸ್, ಚಾರ್ಜ್ ಎಲ್ಲ ಬಂದಿದ್ದು ಸೆಪ್ಟೆಂಬರ್‌ಗೆ. ಹುಡುಗೀರು ಒಂದಿಡೀ ಸೀಸನ್ ಹೆಸರೇ ಇಲ್ಲದೆ ಆಡಿದ್ರೂ ಜನ ಬಂದು ನೋಡಿದ್ರು ಅನ್ನೋದು ನಿಮ್ಮ ವಾದಕ್ಕೆ ಎಷ್ಟು ಉಪಯೋಗಕ್ಕೆ ಬರ್ತಿತ್ತು!

ಈಗ ನಾವಿಬ್ಬರೂ ಜಗಳ ಆಡೋ ಜಾಗ. ‘ಕಂಪನಿ ಇಟ್ಟ ಹೆಸರನ್ನು ಜನ ಎಂದೂ ಹೃದಯಕ್ಕೆ ತೆಗೆದುಕೊಳ್ಳುವುದಿಲ್ಲ’ ಅಂತ ಬರ್ದಿದ್ದೀರ. (‘ಹೃದಯಕ್ಕೆ ತೆಗೆದುಕೊಳ್ಳುವುದು’ ಯಾವ ಕನ್ನಡ ಸ್ವಾಮಿ, ಹಚ್ಕೊಳ್ಳಲ್ಲ ಅನ್ನಿ ಸಾಕು.) ಆನಹೈಮ್ ಉದಾಹರಣೆ ನೀವೇ ಕೊಟ್ಟು ನೀವೇ ಸೋತಿದ್ದೀರ. ಡಿಸ್ನಿ 1992ರಲ್ಲಿ ಒಂದು ಮಕ್ಕಳ ಸಿನಿಮಾ ತೆಗೀತು, ಮಾರನೇ ವರ್ಷವೇ ಅದೇ ಹೆಸರಲ್ಲಿ ‘ಮೈಟಿ ಡಕ್ಸ್’ ಅಂತ ನಿಜವಾದ ಟೀಮ್ ಇಳಿಸ್ತು, ಇದಕ್ಕಿಂತ ಬೆತ್ತಲೆ ಕಾರ್ಪೊರೇಟ್ ಹೆಸರು ಬೇಕಾ? ಎಲ್ಲ ನಕ್ಕಿದ್ರು. ಡಿಸ್ನಿ 2005ರಲ್ಲಿ ಮಾರ್ಕೊಂಡು ಹೋಯ್ತು, ಹೊಸ ಮಾಲೀಕರು 2006ರಲ್ಲಿ ‘ಮೈಟಿ’ ಕಿತ್ತು, ಬಾತುಕೋಳಿ ಮುಖವಾಡದ ಲಾಂಛನ ತೆಗ್ದು ಮರ್ಯಾದಸ್ಥ ‘ಆನಹೈಮ್ ಡಕ್ಸ್’ ಮಾಡಿದ್ರು, ಮಾರನೇ ವರ್ಷ ಕಪ್ಪೂ ಬಂತು. ನೀವು ಅಲ್ಲಿಗೆ ನಿಲ್ಲಿಸಿ ಗೆದ್ದೆ ಅಂತ ಬೀಗ್ತಿದ್ದೀರ. ಆದ್ರೆ ಜನಕ್ಕೆ ಆ ಹಳೇ ಬಾತುಕೋಳಿ ಮೇಲಿನ ಪ್ರೀತಿ ಹೋಗ್ಲೇ ಇಲ್ಲ, 2024ರಲ್ಲಿ ಟೀಮು ಅದನ್ನೇ ಮತ್ತೆ ಎದೆ ಮೇಲೆ ಹಾಕ್ಕೊಂಡು ಬಂತು. ಸಿನಿಮಾ ಮಾರೋಕೆ ಮಾಡಿದ ಚಿತ್ರ, ಮೂವತ್ತು ವರ್ಷ ಕಳೆದ ಮೇಲೆ ಅದೇ ಪರಂಪರೆ ಆಗಿ ಕೂತಿದೆ.

ಅಷ್ಟು ದೂರ ಯಾಕೆ, ‘ರಾಯಲ್ ಚಾಲೆಂಜರ್ಸ್’ ಅನ್ನೋದು 2008ರಲ್ಲಿ ಯಾವ ಬಾಟ್ಲಿ ಲೇಬಲ್ ಮೇಲಿಂದ ಇಳಿದು ಬಂತು ಅಂತ ನಿಮಗೂ ಗೊತ್ತು ನನಗೂ ಗೊತ್ತು. ಹದಿನೆಂಟು ಸೀಸನ್ ‘ಈ ಸಲ ಕಪ್ ನಮ್ದೇ’ ಅಂತ ಗಂಟಲು ಹರ್ಕೊಂಡೋರಲ್ಲಿ ಎಷ್ಟು ಜನಕ್ಕೆ ಅದು ವಿಸ್ಕಿ ಹೆಸರು ಅಂತ ಚುಚ್ಚಿತು? ನಮ್ಮಮ್ಮ ಮನೇಲಿ ಹೆಂಡದ ಹೆಸರು ಎತ್ತೋಕೆ ಬಿಡಲ್ಲ, ಆರ್‌ಸಿಬಿ ಮ್ಯಾಚ್ ದಿನ ಮಾತ್ರ ಸಂಜೆ ದೀಪ ಹಚ್ಚುವಾಗ ಒಂದು ನಿಮಿಷ ಜಾಸ್ತಿ ಕೈ ಮುಗೀತಾರೆ. ಇದನ್ನ ನಿಮ್ಮ ಲೇಖನದಲ್ಲಿ ಸೇರಿಸಿ ಅಂತಿಲ್ಲ, ಬರೆಯೋ ಮುಂಚೆ ಇದಕ್ಕೆ ನಿಮ್ಮ ಹತ್ರ ಉತ್ತರ ಇರ್ಬೇಕು ಅಂತಿದ್ದೀನಿ. ನಿಮ್ಮ ಪರವಾಗೂ ಒಂದು ಉದಾಹರಣೆ ಇದೆ ಬೇಕಾದ್ರೆ, ಜಪಾನಿನಲ್ಲಿ ‘ಓಜಿ ಈಗಲ್ಸ್’ ಅಂತ ಒಂದು ಕಾಗದ ಕಂಪನಿ ಟೀಮು, 1925ರಿಂದ ಇದ್ದಿದ್ದು, 2021ರಲ್ಲಿ ಕಂಪನಿ ಹೆಸರು ಕಳಚಿ ‘ರೆಡ್ ಈಗಲ್ಸ್ ಹೊಕ್ಕೈಡೋ’ ಆಯ್ತು. ಕಂಪನಿ ಹೆಸರು ಹೋಯ್ತು, ಹದ್ದು ಉಳೀತು. ಅದರ ಬಗ್ಗೆ ಓದಿ ನೋಡಿ.

ಕೊನೇ ಪುಟದಲ್ಲಿ ಇದ್ದಕ್ಕಿದ್ದ ಹಾಗೆ ಕೊಡಗಿಗೆ ಬಂದಿದ್ದೀರ, ‘ನಮ್ಮ ಕೊಡವರನ್ನು ನೋಡಿ ಅಮೆರಿಕ ಕಲಿಯಲಿ’ ಅಂತ. ಇದನ್ನ ಪೂರ್ತಿ ಹೊಡೆದು ಹಾಕಿದ್ದೀನಿ, ಕೋಪ ಮಾಡ್ಕೋಬೇಡಿ. ಅದು ಬೇರೆ ಆಟ, ದುಡ್ಡಿನ ಲೀಗೂ ಅಲ್ಲ. ಆದ್ರೆ ಹೊಡೆದು ಹಾಕೋವಾಗ್ಲೇ ಅನ್ನಿಸ್ತು, ಇದೇ ಒಂದು ಬೇರೆ ಲೇಖನ ಅಲ್ವಾ? 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಅರವತ್ತು ಒಕ್ಕಗಳನ್ನ, ಅಂದ್ರೆ ಕೊಡವ ಮನೆತನಗಳನ್ನ, ಸೇರಿಸಿ ಶುರು ಮಾಡಿದ ಹಾಕಿ ಪಂದ್ಯಾವಳಿ ಅದು, 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ಟೀಮು. ಒಂದು ಟೀಮಿಗೂ ಹೆಸರಿಡೋ ಕಷ್ಟ ಇಲ್ಲ, ಮನೆತನದ ಹೆಸರೇ ಟೀಮಿನ ಹೆಸರು, ನಡೆಸೋ ಮನೆಯ ಹೆಸರೇ ಕಪ್ಪಿನ ಹೆಸರು. ನೀವು ವಿರಾಜಪೇಟೆಯವರು ಅಂತ ಕವರಿಂಗ್ ಲೆಟರ್‌ನಲ್ಲಿ ಬರ್ದಿದ್ದೀರಲ್ಲ, ಅದನ್ನ ಬೇರೆಯಾಗಿ, ಉಪದೇಶ ಬಿಟ್ಟು, ನಿಮ್ಮ ಕಣ್ಣಲ್ಲಿ ನೋಡಿದ ಒಂದು ಮ್ಯಾಚ್ ಇಟ್ಕೊಂಡು ಬರ್ದು ಕಳ್ಸಿ.

ಸದ್ಯಕ್ಕೆ ಈ ಲೇಖನ ಹೀಗೆ ಮಾಡಿ. ಹನ್ನೊಂದು ಟೀಮಲ್ಲಿ ನಾಲ್ಕು ಉಳಿಸ್ಕೊಳ್ಳಿ, ಐಸ್ ಡಬ್ಬದಿಂದ ಶುರು ಮಾಡಿ, ‘ಲ್ಪಟ್ಟಿತು’ ಬಂದ ಕಡೆಯೆಲ್ಲ ಕೆಲಸ ಮಾಡಿದೋನ ಹೆಸರು ಹಾಕಿ. ಹೆಲ್ಮೆಟ್ ಮೇಲೆ ಜಾಹೀರಾತು, ಜೆರ್ಸಿ ಮೇಲೆ ಜಾಹೀರಾತು ಅಂತ ಒಂದೂವರೆ ಪುಟ ಗೋಳಾಡಿದ್ದೀರಲ್ಲ, ಅದು ಮೂರು ಸಾಲಿಗೆ ಇಳೀಲಿ. ‘ಹೆಸರುಗಳ್ಳರು’ ಅನ್ನೋ ತಲೆಬರಹ ಕೇಳೋಕೆ ಚೆನ್ನಾಗಿದೆ, ಆದ್ರೆ ಮೇಲೆ ನೋಡಿದ್ರಲ್ಲ, ಕಳ್ಳ ಸಿಗ್ತಾನೇ ಇಲ್ಲ, ಬೇರೆ ಯೋಚ್ನೆ ಮಾಡಿ. ಸಾವಿರದ ಇನ್ನೂರು ಪದ ದಾಟದಿರ್ಲಿ. ಮುಂದಿನ ತಿಂಗಳು 10ನೇ ತಾರೀಖಿನೊಳಗೆ ಬಂದ್ರೆ ಆ ಸಂಚಿಕೆಗೇ ನೋಡ್ತೀನಿ.

ಆಮೇಲೆ ದಮ್ಮಯ್ಯ, ಈ ಸಲ ಯೂನಿಕೋಡ್‌ನಲ್ಲಿ ಕಳ್ಸಿ. ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಬಂದಿದ್ದನ್ನ ಬದಲಾಯಿಸುವಾಗ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿ, ಅದರ ಮೇಲೆ ನೀವು ಬೇರೆ ಒಂದು ಕಡೆ ಯೇತಿ, ಒಂದು ಕಡೆ ಯೆಟಿ, ಒಂದು ಕಡೆ ‘ಯತಿ’ ಅಂತ ಬರ್ದಿದ್ದೀರ, ಪ್ರೂಫ್ ನೋಡೋ ನಮ್ಮ ಮೇಡಮ್ ಅಮೆರಿಕದ ಹಾಕಿ ಟೀಮಿಗೆ ಯಾವ ಮಠದ ಸ್ವಾಮಿಗಳು ಅಂತ ಕೇಳ್ತಿದ್ರು.