ರಂಗೋಲಿ ಜಿಫ್ 28 ಎಂಬಿ ಆಗಿದೆ, 3 ಎಂಬಿಗೆ ಇಳಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಮನೆ ಮುಂದೆ ಚುಕ್ಕಿ ರಂಗೋಲಿ ಬಿಡಿಸುವುದನ್ನು ಫೋನ್ ಕೈಯಲ್ಲಿ ಹಿಡಿದು ತೆಗೆದಿದ್ದೀರಿ. ವೇಗ ಹೆಚ್ಚಿಸಿ 12 ಸೆಕೆಂಡಿನ ಜಿಫ್ ಮಾಡಿದ್ದೀರಿ. ಅಗಲ 640 ಪಿಕ್ಸೆಲ್, ಎತ್ತರ 640, ಸೆಕೆಂಡಿಗೆ 10 ಫ್ರೇಮ್, ಅಂದರೆ 10 ಬಿಡಿ ಚಿತ್ರಗಳು. ಹಾಕಬೇಕಾದ ಕಡೆ 3 ಎಂಬಿ ಮೀರುವಂತಿಲ್ಲ. ಜಿಪ್ ಮಾಡಿದರೂ ಇಳಿಯಲಿಲ್ಲ.

ಜಿಪ್‌ನಿಂದ ಇಳಿಯುವುದಿಲ್ಲ. ಜಿಫ್ ಒಳಗೆ ಎಲ್‌ಜೆಡ್‌ಡಬ್ಲ್ಯೂ ಅನ್ನುವ ಕಂಪ್ರೆಶನ್, ಅಂದರೆ ಗಾತ್ರ ಕುಗ್ಗಿಸುವ ಕೆಲಸ, ಆಗಲೇ ನಡೆದಿರುತ್ತದೆ. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಎಷ್ಟು ನೀರು ಬಂದೀತು? ಈ ಕಂಪ್ರೆಶನ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಹಿಂದೆ ಕಂಡ ಬಣ್ಣಗಳ ಸರಣಿ ಮತ್ತೆ ಬಂದರೆ ಒಂದು ಸಣ್ಣ ಸಂಖ್ಯೆ ಬರೆದು ಮುಂದೆ ಹೋಗುತ್ತದೆ. ಒಂದೇ ಬಣ್ಣದ ಗೋಡೆ ಇದ್ದರೆ ಅದಕ್ಕೆ ಹಬ್ಬ. ಸಾರಿಸಿದ ಅಂಗಳ, ತರಿತರಿ ಸಿಮೆಂಟ್ ನೆಲ ಇದ್ದರೆ ಪಕ್ಕಪಕ್ಕದ ಪಿಕ್ಸೆಲ್‌ಗಳೇ ಬೇರೆ ಬೇರೆ, ಉಳಿತಾಯ ಕಡಿಮೆ.

ಆದರೆ ನಿಮ್ಮ ಫೈಲಿಗೆ ದೊಡ್ಡ ಶತ್ರು ನೆಲ ಅಲ್ಲ, ಕೈ ನಡುಕ. ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಬದಲಾಗದ ಜಾಗವನ್ನು ಜಿಫ್ ಮತ್ತೆ ಬರೆಯಬೇಕಾಗಿಲ್ಲ. ಬದಲಾದ ಭಾಗವನ್ನಷ್ಟೇ ಇಟ್ಟು ಉಳಿದದ್ದನ್ನು ಪಾರದರ್ಶಕವಾಗಿ ಬಿಡಬಹುದು. ಫೋನ್ ಒಂದಿಷ್ಟು ಅಲುಗಿದರೂ ಇಡೀ ಅಂಗಳವೇ ಸರಿದಂತೆ. ಆಗ 120 ಫ್ರೇಮ್‌ಗಳೂ ಪೂರ್ತಿ ಹೊಸ ಚಿತ್ರಗಳು.

ಇದು ನನಗೆ ಗೊತ್ತಾಗಿದ್ದು ಕಸೂತಿಯಿಂದ. ನನ್ನ ಹೆಂಡತಿ ಕಸೂತಿ ಕಲಿಸುತ್ತಾಳೆ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ವಾಪಸ್ ಬಂದು, ಬಿಟ್ಟ ಜಾಗ ತುಂಬುತ್ತದೆ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ ಅಂತ ಜಿಫ್ ಮಾಡಿದೆ. ಕೈಯಲ್ಲಿ ಹಿಡಿದು ತೆಗೆದದ್ದು 19 ಎಂಬಿ ಆಯಿತು. ಮರುದಿನ ಎರಡು ಸ್ಟೀಲ್ ಡಬ್ಬಿಗಳ ನಡುವೆ ಫೋನ್ ಸಿಕ್ಕಿಸಿ ಅಷ್ಟೇ ಉದ್ದದ್ದು ತೆಗೆದೆ. 6 ಎಂಬಿ! ಬೇರೇನೂ ಬದಲಾಯಿಸಿರಲಿಲ್ಲ. ಹಾಗಾಗಿ ಇನ್ನೊಮ್ಮೆ ತೆಗೆಯಲು ಆಗುವಂತಿದ್ದರೆ ಮೊದಲು ಅದನ್ನೇ ಮಾಡಿ. ಫೋನ್‌ನಲ್ಲಿ ಫೋಕಸ್ ಮತ್ತು ಬೆಳಕು ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಕೈ ಅಡ್ಡ ಬಂದಾಗಲೆಲ್ಲ ಅದು ಇಡೀ ಚಿತ್ರವನ್ನು ಮಸುಕು, ಬೆಳಕು ಮಾಡುತ್ತಿರುತ್ತದೆ. ಬಿಸಿಲು ಏರುವ ಮೊದಲೇ ತೆಗೆದರೆ ನೆರಳು ಸರಿಯುವ ಕಾಟವೂ ಇರುವುದಿಲ್ಲ.

ಈಗಿರುವ ಫೈಲನ್ನೇ ಇಳಿಸಬೇಕು ಅಂದರೆ ಮೊದಲು ಅಳತೆಗೆ ಕೈ ಹಾಕಿ. 640ರ ಬದಲು 400 ಮಾಡಿದರೆ 4,09,600 ಪಿಕ್ಸೆಲ್ ಇದ್ದದ್ದು 1,60,000 ಆಗುತ್ತದೆ, ಅಂದರೆ ಅರ್ಧಕ್ಕಿಂತ ಕಡಿಮೆ. ಫೋನಿನಲ್ಲಿ ನೋಡುವವರಿಗೆ ಅಷ್ಟು ಸಾಕು. ಅಂಚಿನಲ್ಲಿ ಚಪ್ಪಲಿ, ಹೂಕುಂಡ ಇದ್ದರೆ ಕತ್ತರಿಸಿ ಹಾಕಿ.

ಆಮೇಲೆ ಫ್ರೇಮ್. ರಂಗೋಲಿಗೆ ಸೆಕೆಂಡಿಗೆ 5 ಇದ್ದರೆ ನಡೆಯುತ್ತದೆ, ಒಂದು ಬಿಟ್ಟು ಒಂದು ತೆಗೆದುಬಿಡಿ. ಇಲ್ಲಿ ಎರಡು ಕಡೆ ಎಡವುತ್ತೇವೆ. ಆಗಲೇ ಆಪ್ಟಿಮೈಸ್ ಆದ, ಅಂದರೆ ಬದಲಾದ ಭಾಗವನ್ನಷ್ಟೇ ಉಳಿಸಿಕೊಂಡ ಜಿಫ್‌ನಿಂದ ನೇರವಾಗಿ ಫ್ರೇಮ್ ಕಿತ್ತರೆ ಚಿತ್ರ ಚಿಂದಿಯಾಗುತ್ತದೆ, ಯಾಕೆಂದರೆ ಪ್ರತಿ ಫ್ರೇಮ್‌ನಲ್ಲೂ ಇರುವುದು ಬದಲಾದ ತುಂಡು ಮಾತ್ರ. ಗಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಾದರೆ ಮೊದಲು ಅನಿಮೇಷನ್ ಫಿಲ್ಟರ್‌ಗಳಲ್ಲಿರುವ ಅನ್‌ಆಪ್ಟಿಮೈಸ್ ಒತ್ತಿ, ಆಮೇಲೆ ಕೀಳಿ. ಇನ್ನೊಂದು, ಉಳಿದ ಫ್ರೇಮ್‌ಗಳ ಅವಧಿಯನ್ನು ಎರಡರಷ್ಟು ಮಾಡಿ. ಮರೆತರೆ ರಂಗೋಲಿ ದೆವ್ವ ಹಿಡಿದ ಹಾಗೆ ಓಡುತ್ತದೆ. ಜಿಫ್‌ನಲ್ಲಿ ಅವಧಿಯನ್ನು ಸೆಕೆಂಡಿನ ನೂರನೇ ಭಾಗಗಳಲ್ಲಿ ಬರೆಯುತ್ತಾರೆ, ಹಾಗಾಗಿ 10 ಇದ್ದಲ್ಲಿ 20 ಹಾಕಿ. ಕೊನೆಗೆ ಮುಗಿದ ರಂಗೋಲಿ ಎರಡು ಸೆಕೆಂಡ್ ನಿಲ್ಲಬೇಕಾದರೆ ಅದೇ ಚಿತ್ರವನ್ನು ಹತ್ತು ಸಲ ಸೇರಿಸಬೇಡಿ. ಕೊನೆಯ ಒಂದೇ ಫ್ರೇಮ್‌ಗೆ 200 ಕೊಟ್ಟರೆ ಮುಗಿಯಿತು.

ಬಣ್ಣದ ವಿಷಯದಲ್ಲಿ ಹುಷಾರು. 1987ರಲ್ಲಿ ಕಂಪ್ಯೂಸರ್ವ್ ಕಂಪನಿ ತಂದ ಈ ಫಾರ್ಮ್ಯಾಟ್‌ನಲ್ಲಿ ಒಂದು ಪ್ಯಾಲೆಟ್‌ಗೆ, ಅಂದರೆ ಬಣ್ಣಗಳ ಪಟ್ಟಿಗೆ, ಹೆಚ್ಚೆಂದರೆ 256 ಬಣ್ಣ. ಅದನ್ನು 64ಕ್ಕೆ ಇಳಿಸಬಹುದು. ನಾನು ಆಸೆಬಿದ್ದು 16 ಮಾಡಿದ್ದೆ, ಕೆಂಪು ದಾರ ಮರೂನ್ ಬಟ್ಟೆಯಲ್ಲಿ ಮಾಯವಾಯಿತು, ಸೂಜಿ ಸುಮ್ನೆ ಗಾಳಿಯಲ್ಲಿ ಓಡಾಡುತ್ತಿತ್ತು. ಇನ್ನು ಡಿದರಿಂಗ್ ಅಂತ ಒಂದು ಆಯ್ಕೆ ಇರುತ್ತದೆ. ಇಲ್ಲದ ಬಣ್ಣವನ್ನು ಇರುವ ಬಣ್ಣಗಳ ಕಾಳು ಚೆಲ್ಲಿ ತೋರಿಸುವ ಉಪಾಯ ಅದು. ನೋಡಲು ಚೆನ್ನ, ಆದರೆ ಫೈಲ್ ಊದುತ್ತದೆ. ಅದರಲ್ಲೂ ಫ್ಲಾಯ್ಡ್-ಸ್ಟೈನ್‌ಬರ್ಗ್ ರೀತಿಯದ್ದು ನಿಂತ ಜಾಗದಲ್ಲೂ ಫ್ರೇಮ್‌ನಿಂದ ಫ್ರೇಮ್‌ಗೆ ಕಾಳು ಅಲುಗಿಸಬಹುದು. ಬೇಕೇ ಬೇಕು ಅಂದರೆ ಬೇಯರ್ ಅನ್ನುವ ಇನ್ನೊಂದು ರೀತಿಯ ಡಿದರಿಂಗ್ ಆರಿಸಿ, ಅದರ ಮಾದರಿ ಕದಲುವುದಿಲ್ಲ. ರಂಗೋಲಿಗೆ ಡಿದರಿಂಗ್ ಇಲ್ಲದಿದ್ದರೂ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ.

ಕೊನೆಯದಾಗಿ ಲಾಸಿ ಕಂಪ್ರೆಶನ್, ಅಂದರೆ ಚಿತ್ರದ ಗುಣಮಟ್ಟ ಸ್ವಲ್ಪ ಬಿಟ್ಟುಕೊಟ್ಟು ಗಾತ್ರ ಇಳಿಸುವುದು. ಗಿಫ್‌ಸಿಕಲ್ ಅನ್ನುವ ಉಚಿತ ಸಾಧನದಲ್ಲಿ ಇದಿದೆ. ಬ್ರೌಸರ್‌ನಲ್ಲೇ ಮಾಡಬೇಕಾದರೆ ಈಜಿಜಿಫ್ ತಾಣದಲ್ಲೂ ಸಿಗುತ್ತದೆ. ಹತ್ತಿರದ ಬಣ್ಣಗಳನ್ನು ಒಂದೇ ಅಂತ ಲೆಕ್ಕ ಹಾಕಿ ಸಾಲು ಉದ್ದ ಮಾಡಿಕೊಳ್ಳುತ್ತದೆ. ಲಾಸಿ ಮಟ್ಟವನ್ನು 80ರಿಂದ ಶುರು ಮಾಡಿ, ಗೆರೆಗಳ ಸುತ್ತ ಗಲೀಜು ಕಂಡರೆ 40ಕ್ಕೆ ಬನ್ನಿ. ಬಣ್ಣ, ಲಾಸಿ ಎರಡನ್ನೂ ಅಳತೆ ಮತ್ತು ಫ್ರೇಮ್ ಮುಗಿದ ಮೇಲೆ ಮಾಡಿ. ಮೊದಲೇ ಮಾಡಿದರೆ ಅಳತೆ ಬದಲಿಸುವಾಗ ಹೊಸ ನಡುಬಣ್ಣಗಳು ಹುಟ್ಟಿ ಗಳಿಸಿದ್ದು ಹೋಗುತ್ತದೆ.

ಲೆಕ್ಕ ನೋಡಿ. 28 ಎಂಬಿ ಅಳತೆಯಿಂದ ಸುಮಾರು 11ಕ್ಕೆ, ಫ್ರೇಮ್‌ನಿಂದ ಐದೂವರೆಗೆ ಬರಬೇಕು. ಬಣ್ಣ, ಲಾಸಿ ಸೇರಿದರೆ 3ರ ಆಸುಪಾಸು. ಹೊಸದಾಗಿ ಅಲುಗದೆ ತೆಗೆದದ್ದಾದರೆ ಇಷ್ಟು ಒದ್ದಾಡಬೇಕಾಗಿಯೇ ಇಲ್ಲ.

ಅಂದ ಹಾಗೆ, ಆ ಜಾಗದಲ್ಲಿ ಎಂಪಿ4 ಹಾಕಲು ಬಿಡುತ್ತಾರಾ ಕೇಳಿ. ಬಿಟ್ಟರೆ ಮೇಲಿನದ್ದೆಲ್ಲ ಮರೆತುಬಿಡಿ, ದನಿ ತೆಗೆದ ವಿಡಿಯೋ ಜಿಫ್‌ಗಿಂತ ಎಷ್ಟೋ ಚಿಕ್ಕದು. ವಾಟ್ಸ್‌ಆ್ಯಪ್‌ನಲ್ಲಿ ಜಿಫ್ ಅಂತ ಓಡುವುದೂ ನಿಜದಲ್ಲಿ ಅಂಥ ವಿಡಿಯೋನೇ.